ಮಲೆನಾಡಿಗೆ ಒಗ್ಗುವ ಮಧ್ಯಮ ಬೆಲೆಯ ಫೋನು: ಆರಿಸುವ ಕ್ರಮ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಈಗಿರುವ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು, ಅದರೊಳಗೆ ‘ಸಿಮ್ ಸ್ಟೇಟಸ್’ ಹುಡುಕಿ. ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಚಿಹ್ನೆಯ ಒಂದು ಸಂಖ್ಯೆ ಇರುತ್ತದೆ. ಜಗಲಿಯಲ್ಲಿ, ಅಡುಗೆಮನೆಯಲ್ಲಿ, ತೋಟದ ತಗ್ಗಿನಲ್ಲಿ ನಿಂತು ಅದನ್ನು ಬರೆದುಕೊಳ್ಳಿ. 4ಜಿಯಲ್ಲಿ -85 ಆಸುಪಾಸು ಬಂದರೆ ಯಾವ ಫೋನ್ ತಂದರೂ ನಡೆಯುತ್ತದೆ. -105ಕ್ಕೆ ಇಳಿದರೆ ಇಂಟರ್ನೆಟ್ ಎಳೆಯತೊಡಗುತ್ತದೆ. -115 ದಾಟಿದರೆ ಕರೆ ನಿಲ್ಲುವುದೇ ಕಷ್ಟ. ಶಿವಮೊಗ್ಗ ಪೇಟೆಯಲ್ಲಿರುವವರಿಗೆ ಈ ಲೆಕ್ಕ ಅಷ್ಟಾಗಿ ಬೇಕಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳವರಿಗೆ, ಶರಾವತಿ ಹಿನ್ನೀರಿನ ಆಚೆ ಇರುವವರಿಗೆ ಮಾತ್ರ ಫೋನಿನ ಆಯ್ಕೆ ಇಲ್ಲಿಂದಲೇ ಶುರುವಾಗಬೇಕು. ಲಕ್ಷ ರೂಪಾಯಿಯ ಫೋನಿಗೂ ಇಲ್ಲದ ಟವರನ್ನು ಹುಟ್ಟಿಸಲು ಬರುವುದಿಲ್ಲ.

20ರಿಂದ 35 ಸಾವಿರದ ಫೋನಿಗೂ 80 ಸಾವಿರ ದಾಟಿದ ಫ್ಲ್ಯಾಗ್‌ಶಿಪ್‌ಗೂ ನಡುವಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸ್, ಭಾರಿ ಗೇಮ್ ಆಡಿಸುವ ಪ್ರೊಸೆಸರ್, ಲೋಹದ ಚೌಕಟ್ಟು, ವೈರ್‌ಲೆಸ್ ಚಾರ್ಜಿಂಗ್. ಇಲ್ಲಿ ನಿತ್ಯ ಬೇಕಾಗುವುದು ಬೇರೆ: ದೂರದ ಟವರನ್ನು ಹಿಡಿಯುವ ರೇಡಿಯೊ, ಮಳೆಗೆ ತಡೆಯುವ ಮೈ, ಕರೆಂಟು ಹೋದ ದಿನ ಸಂಜೆವರೆಗೆ ಬರುವ ಬ್ಯಾಟರಿ, ಕೆಟ್ಟರೆ ಶಿವಮೊಗ್ಗದಲ್ಲೇ ಸರಿಯಾಗುವ ಅನುಕೂಲ. ಈ ನಾಲ್ಕೂ ಮಧ್ಯಮ ಬೆಲೆಯಲ್ಲಿ ಸಿಗುತ್ತವೆ. ಆದರೆ ತಾವಾಗಿ ಸಿಗುವುದಿಲ್ಲ, ಒಂದೊಂದನ್ನೂ ಕೇಳಿ ನೋಡಿಯೇ ತೆಗೆದುಕೊಳ್ಳಬೇಕು.

ಬ್ಯಾಂಡ್ ಎಂಬ ಸಾಲನ್ನು ಓದಿ

ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ಫೋನಿನ ಪೂರ್ತಿ ವಿವರದ ಕೊನೆಯಲ್ಲಿ ನೆಟ್‌ವರ್ಕ್ ಬ್ಯಾಂಡ್‌ಗಳ, ಅಂದರೆ ಸಿಗ್ನಲ್ ಓಡುವ ಆವರ್ತನಗಳ ಪಟ್ಟಿ ಇರುತ್ತದೆ. ಹೆಚ್ಚಿನವರು ಅಲ್ಲಿವರೆಗೆ ಇಳಿಯುವುದೇ ಇಲ್ಲ. ಗುಡ್ಡಗಾಡಿನಲ್ಲಿ ಕಡಿಮೆ ಆವರ್ತನದ ಅಲೆ ಹೆಚ್ಚು ದೂರ ಹೋಗುತ್ತದೆ, ಮರ-ಗೋಡೆಗಳನ್ನು ದಾಟಿ ಒಳಗೆ ಬರುತ್ತದೆ. 3300 ಮೆಗಾಹರ್ಟ್ಸ್‌ನ 5ಜಿ ಒಂದು ದಿಬ್ಬ ಅಡ್ಡ ಬಂದರೂ, ಒದ್ದೆ ಎಲೆಯ ಕಾಡು ಅಡ್ಡ ಬಂದರೂ ಸೋಲುತ್ತದೆ. ಹಾಗಾಗಿ ಹಳ್ಳಿಯವರಿಗೆ ಮುಖ್ಯವಾದದ್ದು 700, 850, 900ರ ಬ್ಯಾಂಡ್‌ಗಳು.

ಜಿಯೊ ಇದ್ದರೆ 4ಜಿ ಬ್ಯಾಂಡ್ 5 (850), 3, 40 ಮತ್ತು 5ಜಿಯ ಎನ್28 (700), ಎನ್78 (3300) ನೋಡಿ. ಏರ್‌ಟೆಲ್ ಇದ್ದರೆ ಬ್ಯಾಂಡ್ 8 (900), 3, 1, 40 ಮತ್ತು ಎನ್78. ಬಿಎಸ್‌ಎನ್‌ಎಲ್ 4ಜಿ ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1. ಬ್ಯಾಂಡ್ 28 ಇಲ್ಲದ ಫೋನಿನಲ್ಲಿ ಊರಿನ ಬಿಎಸ್‌ಎನ್‌ಎಲ್ ಟವರ್ ನಾಳೆ 4ಜಿ ಆದರೂ ಅರ್ಧ ಉಪಯೋಗವಷ್ಟೇ. ಬಿಎಸ್‌ಎನ್‌ಎಲ್‌ನ ವೋಲ್ಟೆ (4ಜಿ ಮೂಲಕವೇ ಕರೆ) ಎಲ್ಲ ಮಾದರಿಗಳಲ್ಲೂ ತೆರೆದಿರುವುದಿಲ್ಲ ಎಂಬುದನ್ನೂ ಗಮನಿಸಿ. ಅದೇ ಮಾದರಿಯ ಫೋನ್ ಊರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ನಿಮ್ಮ ಸಿಮ್ ಐದು ನಿಮಿಷ ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದು ಟವರ್ ಸಿಗ್ನಲ್ ಇಲ್ಲದಿದ್ದರೆ, ವೈಫೈ ಕಾಲಿಂಗ್ ನಿಮಗೆ ಬೇಕೇಬೇಕು. ಜಿಯೊ, ಏರ್‌ಟೆಲ್ ಎರಡರಲ್ಲೂ ಇದೆ. ಆದರೆ ಆ ಫೋನಿನಲ್ಲಿ ಆ ಸಿಮ್‌ಗೆ ಅದು ಚಾಲೂ ಆಗುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಹೆಸರು ಒತ್ತಿದರೆ ‘ವೈಫೈ ಕಾಲಿಂಗ್’ ಎಂಬ ಗುಂಡಿ ಕಾಣುತ್ತದೆ.

ಇನ್ನೊಂದು ತೊಡಕು ಸಿಮ್ ಟ್ರೇಯದ್ದು. ಮಲೆನಾಡಿನಲ್ಲಿ ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳುವುದು ಷೋಕಿಯಲ್ಲ, ಅನಿವಾರ್ಯ. ಹಲವು ಮಧ್ಯಮ ಫೋನುಗಳಲ್ಲಿ ಎರಡನೇ ಸಿಮ್ ಜಾಗವೂ ಮೆಮೊರಿ ಕಾರ್ಡಿನ ಜಾಗವೂ ಒಂದೇ. ಎರಡು ಸಿಮ್ ಹಾಕಿದರೆ ಕಾರ್ಡಿಗೆ ಜಾಗವಿಲ್ಲ. ಆದ್ದರಿಂದ ಕಾರ್ಡ್ ನಂಬಿಕೊಂಡು 128 ಜಿಬಿ ತರುವ ಬದಲು ಶುರುವಿಗೇ 256 ಜಿಬಿ ತನ್ನಿ.

ಮಳೆ, ಥಂಡಿ, ಮೈಲುತುತ್ತು

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬರುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನ್ ಒಣಗಿರುವ ಹೊತ್ತೇ ಕಡಿಮೆ. ಪೆಟ್ಟಿಗೆಯ ಮೇಲಿನ ಐಪಿ ಅಂಕಿಯಲ್ಲಿ ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿ54 ಅಂದರೆ ಎರಚಲು ತಡೆಯುತ್ತದೆ, ಅಷ್ಟೇ. ಐಪಿ64ರಲ್ಲಿ ದೂಳು ಪೂರ್ತಿ ತಡೆ, ನೀರಿಗೆ ಮೊದಲಿನಷ್ಟೇ. ಐಪಿ65 ನೀರಿನ ಧಾರೆ ತಡೆಯುತ್ತದೆ. ಐಪಿ67 ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಐಪಿ68 ಅದಕ್ಕಿಂತ ಹೆಚ್ಚು, ಎಷ್ಟು ಎಂಬುದನ್ನು ಕಂಪನಿಯೇ ಹೇಳಿರುತ್ತದೆ.

ನಮ್ಮ ತೀರ್ಮಾನ ಸ್ಪಷ್ಟ: ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಬಯಲಿಗೆ ಐಪಿ64 ಸಾಕು. ಘಟ್ಟದ ಅಂಚಿನವರು, ಮಳೆಯಲ್ಲಿ ಬೈಕ್ ಓಡಿಸುವವರು, ತೋಟದಲ್ಲಿ ಕೆಲಸ ಮಾಡುವವರು ಐಪಿ67ಕ್ಕಿಂತ ಕೆಳಗೆ ಇಳಿಯಬಾರದು. ಇದಕ್ಕೆ ಈಗ ಫ್ಲ್ಯಾಗ್‌ಶಿಪ್ ಬೇಕಾಗಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ35, ಎ55 ಫೋನುಗಳು 2024ರಲ್ಲೇ ಐಪಿ67ರೊಂದಿಗೆ ಬಂದವು. ಅದೇ ವರ್ಷದ ಮೊಟೊರೊಲಾ ಎಡ್ಜ್ 50 ಫ್ಯೂಷನ್‌ಗೆ ಐಪಿ68 ಇತ್ತು. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಇದು ಬೇರೆಬೇರೆ: ಒನ್‌ಪ್ಲಸ್ ನಾರ್ಡ್ 4ಕ್ಕೆ ಐಪಿ65, ನಾರ್ಡ್ ಸಿಇ4ಕ್ಕೆ ಐಪಿ54. ಹೆಸರು ನೋಡಿ ಊಹಿಸಬೇಡಿ.

ಐಪಿ ಅಂಕಿಗೆ ಮಿತಿಗಳಿವೆ. ಪರೀಕ್ಷೆ ನಡೆಯುವುದು ಶುದ್ಧ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತು, ಸುಣ್ಣದ ನೀರು ಚಾರ್ಜಿಂಗ್ ತೂತಿಗೆ ಇಳಿದರೆ ಒಳಗಿನ ಲೋಹದ ಕಡ್ಡಿಗಳು ತಿಂದುಹೋಗುತ್ತವೆ. ಔಷಧಿ ಹೊಡೆಯುವ ದಿನ ಫೋನನ್ನು ಜಿಪ್ ಕವರಿನಲ್ಲಿ ಹಾಕಿಯೇ ಜೇಬಿಗಿಡಿ. ಫೋನ್ ಬಿದ್ದರೆ, ಬಿಸಿಗೆ ಸಿಕ್ಕರೆ, ಒಮ್ಮೆ ಬಿಚ್ಚಿ ಪರದೆ ಬದಲಿಸಿದರೆ ಒಳಗಿನ ಅಂಟು ಸಡಿಲವಾಗುತ್ತದೆ. ಆಮೇಲೆ ಐಪಿ68 ಎಂಬುದು ಪೆಟ್ಟಿಗೆಯ ಮೇಲಿನ ಬರಹ ಮಾತ್ರ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಸಿಮ್ ಟ್ರೇ ಜಾಗದಲ್ಲೋ ಒಳಗೋ ಒಂದು ಬಿಳಿ ಚೀಟಿ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ಅದನ್ನು.

ಫೋನ್ ನೆನೆದಾಗ ಅಡಿಕೆ ಬೇಯಿಸುವ ಒಲೆಯ ಬದಿಗೆ, ಹೊಗೆಅಟ್ಟಕ್ಕೆ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬ್ಯಾಟರಿಯೂ ಅಂಟೂ ಒಟ್ಟಿಗೆ ಹಾಳಾಗುತ್ತವೆ. ಅಕ್ಕಿಯಲ್ಲಿ ಹೂಳುವುದೂ ಬೇಡ, ತೌಡಿನ ದೂಳು ತೂತಿಗೆ ಸೇರುತ್ತದೆ. ಆಫ್ ಮಾಡಿ, ಚಾರ್ಜಿಂಗ್ ತೂತು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಸಿಮ್ ಟ್ರೇ ತೆಗೆದು ಫ್ಯಾನಿನ ಗಾಳಿಗೆ ಇಡಿ. ಪೂರ್ತಿ ಒಣಗದೆ ಚಾರ್ಜರ್ ಚುಚ್ಚಬೇಡಿ.

ಬೆರಳಚ್ಚಿನ ವಿಷಯ ಮಲೆನಾಡಿಗೇ ವಿಶೇಷ. ಅಡಿಕೆ ಸುಲಿದು, ಚೊಗರು ಹತ್ತಿ ಬೆರಳ ತುದಿಯ ಗೆರೆ ಸವೆದಿದ್ದರೆ, ಪರದೆಯೊಳಗಿನ ಬೆಳಕಿನ ಸೆನ್ಸರ್ ಮೇಲಿಂದ ಮೇಲೆ ತಿರಸ್ಕರಿಸುತ್ತದೆ. ಒದ್ದೆ ಬೆರಳಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಮೇಲು, ಅದು ಮಧ್ಯಮ ಬೆಲೆಯಲ್ಲಿ ಅಪರೂಪ. ಅದಿಲ್ಲದಿದ್ದರೆ ಎಡಗೈಯ ಒಂದೇ ಬೆರಳನ್ನು ಎರಡು ಸಲ ನೋಂದಾಯಿಸಿ, ಸುಗ್ಗಿಯಲ್ಲಿ ಪಿನ್ ಬಳಸಿ.

ಬ್ಯಾಟರಿ, ಕರೆಂಟು

5000 ಎಂಎಎಚ್ ಕನಿಷ್ಠ. ಈಚೆಗೆ ಸಿಲಿಕಾನ್-ಕಾರ್ಬನ್ ಬ್ಯಾಟರಿಯ ಫೋನುಗಳಲ್ಲಿ ಅದೇ ದಪ್ಪಕ್ಕೆ 6000, 7000ವರೆಗೂ ಸಿಗುತ್ತದೆ. ಇದರಲ್ಲಿ ಮಧ್ಯಮ ಫೋನುಗಳು ಎಷ್ಟೋ ಫ್ಲ್ಯಾಗ್‌ಶಿಪ್‌ಗಳನ್ನು ಮೀರಿಸಿವೆ. ಸಿಗ್ನಲ್ ದುರ್ಬಲ ಇರುವ ಕಡೆ ಫೋನು ಟವರ್ ಮುಟ್ಟಲು ಹೆಚ್ಚು ಶಕ್ತಿ ಸುರಿಯುತ್ತದೆ. ಪೇಟೆಯಲ್ಲಿ ಒಂದೂವರೆ ದಿನ ಬರುವ ಬ್ಯಾಟರಿ ಹಳ್ಳಿಯಲ್ಲಿ ಸಂಜೆಗೇ ಮುಗಿಯುವುದು ಇದರಿಂದ. ಮನೆಯಲ್ಲಿ 5ಜಿ ಬಂದು ಹೋಗಿ ಮಾಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ನಿಲ್ಲಿಸಿ, ವ್ಯತ್ಯಾಸ ಅಂದೇ ಗೊತ್ತಾಗುತ್ತದೆ.

80 ವಾಟ್, 100 ವಾಟ್ ಚಾರ್ಜಿಂಗ್ ಎಂಬ ಜಾಹೀರಾತು ಆ ಕಂಪನಿಯ ಚಾರ್ಜರ್, ಆ ಕಂಪನಿಯ ಕೇಬಲ್‌ಗೆ ಮಾತ್ರ ನಿಜ. ಎರಡು ದಿನ ಕರೆಂಟಿಲ್ಲದಾಗ ಉಪಯೋಗಕ್ಕೆ ಬರುವುದು ಪವರ್‌ಬ್ಯಾಂಕ್. ಆದ್ದರಿಂದ ಫೋನು ‘ಯುಎಸ್‌ಬಿ ಪಿಡಿ’ (ಎಲ್ಲ ಕಂಪನಿಗೂ ಹೊಂದುವ ಚಾರ್ಜಿಂಗ್ ಕ್ರಮ)ಯಲ್ಲಿ ಕನಿಷ್ಠ 18ರಿಂದ 25 ವಾಟ್ ತೆಗೆದುಕೊಳ್ಳುತ್ತದೆಯೇ ಎಂದು ಕೇಳಿ. 20,000 ಎಂಎಎಚ್ ಪವರ್‌ಬ್ಯಾಂಕ್ 5000ದ ಫೋನನ್ನು ನಾಲ್ಕು ಸಲ ತುಂಬಿಸುವುದಿಲ್ಲ. ವೋಲ್ಟೇಜ್ ಬದಲಾವಣೆಯಲ್ಲಿ ಸೋರಿ ಸುಮಾರು ಎರಡೂವರೆ ಸಲಕ್ಕೆ ಬರುತ್ತದೆ.

ಸಾಮಾನ್ಯ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಸಂಜೆಯ ಮಂದ ಕರೆಂಟಿಗೆ ಹೆದರಬೇಕಿಲ್ಲ. ಹೊಡೆತ ಬೀಳುವುದು ಕರೆಂಟು ದಿಢೀರ್ ವಾಪಸ್ ಬಂದಾಗ, ಸಿಡಿಲಿನಲ್ಲಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಚಾರ್ಜರನ್ನೂ ರೌಟರಿನ ಅಡಾಪ್ಟರನ್ನೂ ಕಿತ್ತಿಡಿ.

ಪ್ರೊಸೆಸರ್, ಅಪ್‌ಡೇಟ್, ಕ್ಯಾಮೆರಾ

ಪ್ರೊಸೆಸರಿನ ಹೆಸರು ಮೋಸಗೊಳಿಸುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಸ್ನ್ಯಾಪ್‌ಡ್ರಾಗನ್ 7 ಪ್ಲಸ್ ಜೆನ್ 2, ಅದೇ ವರ್ಷ ನವೆಂಬರ್‌ನಲ್ಲಿ ಬಂದ 7 ಜೆನ್ 3ಕ್ಕಿಂತ ಬಲಶಾಲಿ. 7ಎಸ್ ಜೆನ್ 2 ಎರಡಕ್ಕಿಂತಲೂ ಕೆಳಗೆ. ಅಂಕಿ ದೊಡ್ಡದಾದ ಮಾತ್ರಕ್ಕೆ ಮೇಲಲ್ಲ. ವಾಟ್ಸ್‌ಆ್ಯಪ್, ಯುಪಿಐ, ಯೂಟ್ಯೂಬ್, ಮಕ್ಕಳ ಪಾಠಕ್ಕೆ ಇವುಗಳಲ್ಲಿ ಯಾವುದಾದರೂ ಸಾಕು. 8 ಜಿಬಿ ರ‍್ಯಾಮ್ ಇರಲಿ. ‘8+8 ಜಿಬಿ’ ಎಂದು ಬರೆದಿದ್ದರೆ ಎರಡನೇ 8 ಅಸಲಿ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಎರವಲು. ಸ್ಟೋರೇಜ್ ವೇಗದ ಯುಎಫ್‌ಎಸ್ ಆಗಿರಲಿ. ನಿಧಾನದ ಇಎಂಎಂಸಿ ಇದ್ದರೆ ಬಿಟ್ಟುಬಿಡಿ, ಎರಡು ವರ್ಷಕ್ಕೆ ಫೋನ್ ಎತ್ತಿನಗಾಡಿಯಾಗುತ್ತದೆ.

ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ಗ್ಯಾಲಕ್ಸಿ ಎ36, ಎ56ಕ್ಕೆ ಆರು ವರ್ಷ, ಪಿಕ್ಸೆಲ್ 8ಎ, 9ಎಗೆ ಏಳು ವರ್ಷ ಅಪ್‌ಡೇಟ್ ಎಂದು ಕಂಪನಿಗಳು ಹೇಳಿವೆ. ಲೆಕ್ಕ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಕಡಿಮೆಗೆ ಸಿಗುವ ಕಳೆದ ವರ್ಷದ ಮಾದರಿ ಒಳ್ಳೆಯ ವ್ಯಾಪಾರವೇ, ಈ ಒಂದು ವರ್ಷ ಕಳೆದು ನೋಡಿಕೊಂಡರೆ.

ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಎಣಿಸಬೇಡಿ. ಮುಖ್ಯ ಕ್ಯಾಮೆರಾಕ್ಕೆ ಒಐಎಸ್ ಇದೆಯೇ ನೋಡಿ. ಮೋಡ ಕವಿದ ಜುಲೈನ ಮಬ್ಬಿನಲ್ಲಿ, ತೋಟದ ನೆರಳಲ್ಲಿ ಚಿತ್ರ ಅಲುಗದಂತೆ ಕಾಯುವುದು ಅದೇ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಬರೀ ಲೆಕ್ಕ ತುಂಬಿಸಲು ಇಟ್ಟದ್ದು. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡುವವರು, ಬೆಳೆ ಸಮೀಕ್ಷೆಯ ಫೋಟೊ ಹಾಕುವವರು ಜಿಪಿಎಸ್ ವಿವರದಲ್ಲಿ ‘ಎಲ್1 + ಎಲ್5’ (ಎರಡು ಆವರ್ತನ) ಇರುವ ಫೋನನ್ನೇ ಆರಿಸಿ. ಅಡಿಕೆ ಮರದ ದಟ್ಟ ಸೋಗೆಯ ಕೆಳಗೆ ಒಂದೇ ಆವರ್ತನದ ಜಿಪಿಎಸ್ ಪಕ್ಕದವರ ತೋಟ ತೋರಿಸಿಬಿಡುತ್ತದೆ.

ಇಷ್ಟಾದರೂ ಕೆಲವರಿಗೆ ಫ್ಲ್ಯಾಗ್‌ಶಿಪ್ಪೇ ಸರಿ. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಜೂಮ್ ಬೇಕು. ಮದುವೆ ವಿಡಿಯೊವನ್ನೇ ದುಡಿಮೆ ಮಾಡಿಕೊಂಡವರಿಗೆ ಕತ್ತಲಲ್ಲೂ ಕೆಡದ ವಿಡಿಯೊ ಬೇಕು. ಅಂಥವರು ಮಧ್ಯಮದಲ್ಲಿ ಹುಡುಕಿ ಸಮಯ ಕಳೆಯಬಾರದು.

ಅಂಗಡಿಯಲ್ಲಿ

ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ 577201 ಪಿನ್‌ಕೋಡ್ ಹಾಕಿ ಶಿವಮೊಗ್ಗದಲ್ಲಿ ಅಧಿಕೃತ ಸರ್ವಿಸ್ ಸೆಂಟರ್ ಇದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ರಿಪೇರಿಗೂ ಫೋನ್ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಬರುತ್ತದೆ. ಪರದೆ ಬದಲಿಸುವ ದರವನ್ನೂ ಆಗಲೇ ಕೇಳಿ. ಕೆಲವು ಫ್ಲ್ಯಾಗ್‌ಶಿಪ್‌ಗಳ ಪರದೆಗೇ ಒಂದು ಮಧ್ಯಮ ಫೋನಿನ ಬೆಲೆ ಬೀಳುತ್ತದೆ.

ನೆಹರೂ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಡೆಮೊ ಫೋನನ್ನು ಅಂಗಡಿಯ ದೀಪದಡಿ ನೋಡಿ ತೃಪ್ತರಾಗಬೇಡಿ, ಬಾಗಿಲಾಚೆ ಬಿಸಿಲಿಗೆ ತಂದು ಪರದೆ ಕಾಣುತ್ತದೆಯೇ ನೋಡಿ. ಒಂದು ಕರೆ ಮಾಡಿ ಕಿವಿಗಿಟ್ಟುಕೊಳ್ಳಿ. ಅಗ್ಗದ ಸಾಮೀಪ್ಯ ಸೆನ್ಸರ್ ಇದ್ದರೆ ಪರದೆ ಆರದೆ, ಕೆನ್ನೆ ತಾಗಿ ಕರೆ ಮ್ಯೂಟ್ ಆಗುತ್ತದೆ. ರಿಂಗ್‌ಟೋನ್ ಪೂರ್ತಿ ಏರಿಸಿ ಕೇಳಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಒಂದೇ ಸ್ಪೀಕರಿನ ಫೋನ್ ಕೇಳಿಸುವುದಿಲ್ಲ.

ಸೀಲ್ ಒಡೆದ ಕೂಡಲೇ *#06# ಒತ್ತಿ ಬರುವ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಪೆಟ್ಟಿಗೆ ಮತ್ತು ಬಿಲ್ಲಿನ ಮೇಲಿನದು ಒಂದೇ ಎಂದು ತಾಳೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು 15 ಅಂಕಿಯ ಐಎಂಇಐ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಫೋನಿನ ವಿವರ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಇದನ್ನು ಬಿಡಲೇಬೇಡಿ. ‘ನೋ ಕಾಸ್ಟ್ ಇಎಂಐ’ಯಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ ಬೀಳುತ್ತದೆ. ಒಟ್ಟು ಮೊತ್ತ ಕೂಡಿ ನೋಡಿ.

ಮನೆಗೆ ತಂದ ಮೊದಲ ದಿನವೇ ಎರಡೂ ಸಿಮ್ ಹಾಕಿ, ಜಗಲಿ, ಅಡುಗೆಮನೆ, ತೋಟದ ತಗ್ಗು, ಅದೇ ಮೂರು ಜಾಗದಲ್ಲಿ ನಿಂತು ಸಂಖ್ಯೆ ಬರೆಯಿರಿ. ಸಿಗ್ನಲ್ ಓಲಾಡುತ್ತಿರುತ್ತದೆ, ಪ್ರತಿ ಜಾಗದಲ್ಲೂ ನಾಲ್ಕೈದು ಸಲ ನೋಡಿ. 3 ಅಂಕಿ ಕೆಳಗೆ ಅಂದರೆ ಸಿಗುವ ಶಕ್ತಿ ಅರ್ಧ. ಹಳೆಯ ಫೋನಿಗಿಂತ 6, 7 ಅಂಕಿ ಕೆಳಗೇ ನಿಲ್ಲುತ್ತಿದ್ದರೆ ಲೋಹದ ಅಥವಾ ಆಯಸ್ಕಾಂತದ ಕವರ್ ತೆಗೆದು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ, ಬದಲಾಯಿಸುವ ಅವಧಿ ಮುಗಿಯುವ ಮೊದಲೇ ಬಿಲ್ಲು ಹಿಡಿದು ಅಂಗಡಿಗೆ ಹೊರಡಿ.