1.2 ಲೆನ್ಸು ಮಾರಿದ ಮೇಲೆ ಆಟದ ಫೋಟೋ ಸರಿಬಂತು

ಈ ಸಲ ಯಕ್ಷಗಾನ ಮೇಳವೊಂದು ಮಾಡಿಸಿದ ಕ್ಯಾಲೆಂಡರಿನ ಹನ್ನೆರಡು ಚಿತ್ರಗಳಲ್ಲಿ ಏಳು ನನ್ನವು. ಯಕ್ಷಗಾನಕ್ಕೆ ನಮ್ಮಲ್ಲಿ ಆಟ ಅನ್ನುತ್ತಾರೆ. ಏಳೂ ಹತ್ತೊಂಬತ್ತು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಂದ 85 ಎಂಎಂ 1.8 ಲೆನ್ಸಿನಲ್ಲಿ ತೆಗೆದದ್ದು. 2019ರಲ್ಲಿ ನಾನು ನನ್ನ 85 ಎಂಎಂ 1.2 ಮಾರಲು ಹೊರಟಾಗ ಕುಂದಾಪುರದ ಸ್ಟುಡಿಯೋದಲ್ಲಿ ಕೂತಿದ್ದ ನಾಲ್ಕು ಜನರೂ ಒಂದೇ ಮಾತು ಹೇಳಿದ್ದರು: "ಆಟದ ಫೋಟೋ ತೆಗೆಯುವವ ಬೆಳಕಿನ ಲೆನ್ಸು ಮಾರುದಾ? ತಲೆ ಸಮ ಉಂಟಾ ಮಾರಾಯ?" ಆ ನಾಲ್ವರಿಗೂ ಒಂದೊಂದು ಕ್ಯಾಲೆಂಡರ್ ನಾನೇ ಕೊಟ್ಟು ಬಂದೆ. ಅವರೇ ಈಗ ಹೇಗೆ ತೆಗೆದೆ ಅಂತ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಐಎಸ್‌ಒ, ಶಟರ್ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಹೊಸಬರಿಗೆ ಇಷ್ಟು ಸಾಕು: 1.2, 1.8 ಅನ್ನುವುದು ಲೆನ್ಸಿನ ತೆರಪಿನ ಅಂಕಿ, ಅಂಕಿ ಸಣ್ಣದಾದಷ್ಟು ಬೆಳಕು ಹೆಚ್ಚು; ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ; ಶಟರ್ ಅಂದರೆ ಬೆಳಕನ್ನು ಒಳಗೆ ಬಿಡುವ ಹೊತ್ತು. ನನ್ನ ಲೆನ್ಸಿನ ಕಂಪನಿ ಹೆಸರೂ ಹೇಳುವುದಿಲ್ಲ.

1.2 ತಂದದ್ದು 2017ರ ದೀಪಾವಳಿ ಹೊತ್ತಿಗೆ. ಮೇಳದ ವರ್ಷದ ತಿರುಗಾಟ ಶುರುವಾಗುವ ಮೊದಲು ಕೈಯಲ್ಲಿರಬೇಕು ಅನ್ನುವ ಅವಸರ. ಬೆಂಗಳೂರಿನಿಂದ ಹಳೆಯದು, 92 ಸಾವಿರ. ಅದರಲ್ಲಿ 50 ಸಾವಿರ ಸೊಸೈಟಿಯಲ್ಲಿ ಮನೆಯವಳ ಬಳೆ ಇಟ್ಟು ತಂದ ದುಡ್ಡು. ಕಿಲೋ ಲೆಕ್ಕದ ಭಾರ, ಮುಂದಿನ ಗಾಜು ಅಂಗೈ ಅಗಲ. ಮನೆಯ ಜಗಲಿಯಲ್ಲಿ ಮಗಳನ್ನು ಕೂರಿಸಿ ಒಂದು ಚಿತ್ರ ತೆಗೆದು ನೋಡಿ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಹಿಂದಿನ ಅಡಿಕೆ ತೋಟವೆಲ್ಲ ಕರಗಿ ಬಣ್ಣವಾಗಿತ್ತು. ಆದರೆ ಜಗಲಿಯಲ್ಲಿ ಕೂತ ಮಗು ಬೇರೆ, ರಂಗಸ್ಥಳದಲ್ಲಿ ಕುಣಿಯುವ ವೇಷ ಬೇರೆ.

ಮೊದಲ ರಾತ್ರಿ ಕೊಯ್ಲಾದ ಗದ್ದೆಯಲ್ಲಿ ಹರಕೆ ಆಟ. ಸುಮಾರು 1,400 ಚಿತ್ರ ತೆಗೆದೆ. ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಕಣ್ಣು ಸರಿಯಾಗಿ ಫೋಕಸ್ ಆದದ್ದು 90 ಇರಬಹುದು, ಹೆಚ್ಚೆಂದರೆ ನೂರು. ಕೈಯ ತಪ್ಪು ಅಂದುಕೊಂಡೆ. ಎರಡನೇ ಆಟ, ಮೂರನೇ ಆಟ, ಅದೇ ಹಣೆಬರಹ. ಆಮೇಲೆ ಕೂತು ಲೆಕ್ಕ ಹಾಕಿದೆ. ಫುಲ್‌ಫ್ರೇಮ್ (ಹಳೆ ಫಿಲ್ಮಿನಷ್ಟೇ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ, 1.2, ವೇಷ ಮೂರು ಮೀಟರ್ ದೂರದಲ್ಲಿದ್ದರೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು 9 ಸೆಂಟಿಮೀಟರ್. ವೇಷಧಾರಿ ಹೆಜ್ಜೆ ಹಾಕಿ ಮುಂದೆ ಬರುವಾಗ ಸೆಕೆಂಡಿಗೆ ಒಂದು ಮೀಟರ್ ಬಂದರೂ ಆ 9 ಸೆಂಟಿಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ನನ್ನ ಲೆನ್ಸಿನೊಳಗೆ ಆ ಭಾರದ ಗಾಜು ನಿಧಾನ ಓಡುತ್ತಿತ್ತು. ಅದು ಫೋಕಸ್ ಹಿಡಿದು ನಿಲ್ಲುವಷ್ಟರಲ್ಲಿ ಅರ್ಜುನ ಹಿಂದಿನ ಕಂಬದ ಹತ್ತಿರ ಇರುತ್ತಿದ್ದ.

ಇನ್ನೊಂದು ಸಂಗತಿ ನನಗೆ ಹೊಳೆದದ್ದಲ್ಲ, ವೇಷ ಮಾಡುವವರೇ ಹೇಳಿದ್ದು. ಒಬ್ಬ ಹಿರಿಯ ಕಲಾವಿದರಿಗೆ ವೇಷ ಕಟ್ಟುವ ಚೌಕಿಯಲ್ಲಿ ನನ್ನ ಅತ್ಯುತ್ತಮ ಅಂದುಕೊಂಡ ಚಿತ್ರ ತೋರಿಸಿದೆ. ಕಣ್ಣು ಕತ್ತಿಯ ಹಾಗೆ ಚೂಪು. ಅವರು ಬಹಳ ಹೊತ್ತು ನೋಡಿ, "ಎಂತ ಮಾರಾಯ್ರೆ, ಮುಂಡಾಸು ಕಟ್ಟಲಿಕ್ಕೆ ನಂಗೆ ಒಂದು ಗಂಟೆ ಬೇಕು. ಇದರಲ್ಲಿ ಮುಂಡಾಸೇ ಕಾಣುದಿಲ್ಲ" ಅಂದರು. ನಿಜ. ಭುಜಕೀರ್ತಿ ಮಸುಕು, ಎದೆಕಟ್ಟಿನ ಮಣಿ ಮಸುಕು. ಮದುವೆ ಹುಡುಗಿಯ ಚಿತ್ರಕ್ಕೆ ಕಣ್ಣೊಂದು ಸಾಕು. ಯಕ್ಷಗಾನದಲ್ಲಿ ವೇಷವೆಂದರೆ ಮುಡಿಯಿಂದ ಗೆಜ್ಜೆಯವರೆಗೆ. ಅದನ್ನು ಕರಗಿಸಿ ಹಿಂದಿನ ಪರದೆಯ ಹಾಗೆ ಮಾಡಿದರೆ ಆ ಕಲೆಗೆ ನಾನು ಮಾಡಿದ ಅನ್ಯಾಯ ಅದು. ಅಂದಿನಿಂದ ತೆರಪನ್ನು 2.5ಕ್ಕೆ ಕಿರಿದು ಮಾಡಿ ತೆಗೆಯತೊಡಗಿದೆ. ಅಂದರೆ 1.2ಕ್ಕೆ ಕೊಟ್ಟ ದುಡ್ಡನ್ನು ಚೀಲದಲ್ಲಿಟ್ಟು ತಿರುಗುತ್ತಿದ್ದೆ.

ಬೆಳಕಿನ ಲೆಕ್ಕವನ್ನೂ ನೋಡಿ. 1.8ಕ್ಕಿಂತ 1.2 ಕೊಡುವ ಬೆಳಕು ಎರಡೂಕಾಲು ಪಟ್ಟು. ಐಎಸ್‌ಒ 6400 ಇಡುವಲ್ಲಿ 2800ರ ಹತ್ತಿರ ಇಟ್ಟರೆ ಸಾಕು, ಅಷ್ಟೇ ಲಾಭ. ಅದೂ ಚೌಕಟ್ಟಿನ ನಡುವೆ ಮಾತ್ರ, ಮೂಲೆಗಳು ಪೂರ್ತಿ ತೆರೆದ 1.2ರಲ್ಲಿ ಚೆನ್ನಾಗಿಯೇ ಕಪ್ಪಾಗುತ್ತವೆ. ಇಂಥ ಲೆನ್ಸುಗಳು ಹುಟ್ಟಿದ್ದು ಫಿಲ್ಮಿನ ಕಾಲದ ಬಡತನದಿಂದ. ಕ್ಯಾನನ್ 1961ರಲ್ಲಿ 50 ಎಂಎಂ 0.95 ತಂದಿತು, ಲೈಕಾದ ಮೊದಲ ನಾಕ್ಟಿಲಕ್ಸ್ 1.2 ಬಂದದ್ದು 1966ರಲ್ಲಿ. ಆಗ ಕೈಯಲ್ಲಿದ್ದದ್ದು ಐಎಸ್‌ಒ 400ರ ಫಿಲ್ಮು, ಬಹಳ ಎಳೆದರೆ 1600. ನಮ್ಮೂರಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ತೆಗೆದ ಹಿರಿಯರಿಗೆ ಒಂದು ಸ್ಟಾಪ್ (ಬೆಳಕು ಒಂದಕ್ಕೆರಡು) ಸಿಕ್ಕಿದರೆ ಚಿತ್ರ ಉಂಟು, ಸಿಗದಿದ್ದರೆ ಇಲ್ಲ. ನನ್ನ ಹಳೆಯ 20 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 6400 ಧೈರ್ಯವಾಗಿ ಹಾಕಬಹುದು. 400ರಿಂದ ಅದು ನಾಲ್ಕು ಸ್ಟಾಪ್ ಮೇಲೆ. 2019ರಲ್ಲಿ ನಿಕಾನ್ 58 ಎಂಎಂ 0.95 ನಾಕ್ಟ್ ತಂದಿದೆ, ಎರಡು ಕಿಲೋ ಭಾರ, ಫೋಕಸ್ ಕೈಯಲ್ಲೇ ಮಾಡಬೇಕು. ಗಾಜಿನ ಕೆಲಸ ನೋಡಿದರೆ ಕೈಮುಗಿಯಬೇಕು. ಗದ್ದೆಯ ಆಟಕ್ಕೆ ಅದು ಬೇಡ.

ಇಲ್ಲಿ ಒಂದು ಪ್ರಯೋಗ ಹೇಳಿ ಮುಂದೆ ಹೋಗುತ್ತೇನೆ. 1.2 ಹಾಕಿ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಎಲ್ಲ ಮ್ಯಾನುಯಲ್ ಮಾಡಿ ಗೋಡೆಯದೊಂದು ಚಿತ್ರ ತೆಗೆದೆ. ಆಮೇಲೆ ಲೆನ್ಸಿನ ಲಾಕ್ ಬಿಡಿಸಿ ಚೂರೇ ಚೂರು ತಿರುಗಿಸಿದೆ. ಕ್ಯಾಮೆರಾಕ್ಕೆ ಈಗ ಯಾವ ಲೆನ್ಸು ಅಂತ ಗೊತ್ತಿಲ್ಲ. ಅದೇ ಶಟರ್, ಅದೇ ಐಎಸ್‌ಒ. ಎರಡನೇ ಚಿತ್ರ ಸುಮಾರು ಮೂರನೇ ಒಂದು ಸ್ಟಾಪ್ ಕಪ್ಪಾಗಿ ಬಂತು. ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಸೆನ್ಸರ್ ಪೂರ್ತಿ ಹಿಡಿಯುವುದಿಲ್ಲ, ಆ ಕೊರತೆಯನ್ನು ಕ್ಯಾಮೆರಾ ನಮಗೆ ಹೇಳದೆ ಒಳಗೇ ಏರಿಸಿ ತುಂಬುತ್ತದೆ. 1.8ರಲ್ಲಿ ಇದೇ ಪರೀಕ್ಷೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ. ಎರಡೂಕಾಲು ಪಟ್ಟು ಅಂದೆನಲ್ಲ, ಕೈಗೆ ಸಿಕ್ಕಿದ್ದು ಅದಕ್ಕಿಂತಲೂ ಕಡಿಮೆ. ಮಾಡುವುದಾದರೆ ಲೆನ್ಸನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದುಕೊಳ್ಳಿ.

ಮಳೆಗಾಲ ಬಂತು. ಪತ್ತನಾಜೆ (ಮೇ ಕೊನೆಗೆ ಆಟದ ಕಾಲ ಮುಗಿಯುವ ದಿನ) ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಲೆನ್ಸಿಗೆ ಕೆಲಸವಿಲ್ಲ. ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ. ಗಣೇಶ ಚೌತಿಗೆ ತೆಗೆದಾಗ ಒಳಗಿನ ಗಾಜಿನ ಮೇಲೆ ಜೇಡರಬಲೆಯ ಹಾಗೆ ಬೂಷ್ಟು. ಬಿಚ್ಚಿ ಶುಚಿ ಮಾಡಿಸಲು 6,500. ನಮ್ಮ ಕರಾವಳಿಯ ಆಷಾಢದಲ್ಲಿ ಲಕ್ಷದ ಗಾಜಿಗೂ ಸಾವಿರದ ಗಾಜಿಗೂ ಬೂಷ್ಟು ಬರುವುದು ಒಂದೇ ಥರ. ಅಕ್ಕಿ ಡಬ್ಬದ ಉಪಾಯ ನಂಬಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ತೇವಾಂಶದ ಮೀಟರ್, ಎಲ್ಲ ಸೇರಿ ನನಗಾದದ್ದು 900 ರೂಪಾಯಿ. ಆಮೇಲೆ ನನಗೆ ಬೂಷ್ಟು ಬಂದಿಲ್ಲ.

ಇನ್ನೊಂದು ತಿರುಗಾಟ ಎಳೆದೆ. 2019ರ ಜೂನಿನಲ್ಲಿ 71 ಸಾವಿರಕ್ಕೆ ಕೊಟ್ಟೆ. ರಿಪೇರಿ, ಬಡ್ಡಿ ಸೇರಿಸಿದರೆ ಎರಡು ತಿರುಗಾಟಕ್ಕೆ ಮೂವತ್ತೈದು ಸಾವಿರದ ಹತ್ತಿರ ಹೋಯಿತು. ಬಳೆ ಬಿಡಿಸಿಕೊಂಡೆ, 1.8 ತಂದೆ, ಉಳಿದದ್ದು ಮಗಳ ಯಕ್ಷಗಾನದ ಹೆಜ್ಜೆ ಕ್ಲಾಸಿನ ಫೀಸಿಗೆ.

ಆ ಹೆಜ್ಜೆ ಕ್ಲಾಸೇ ನನ್ನ ಲೆನ್ಸು ಆಯಿತು. ಭಾನುವಾರ ಅವಳನ್ನು ಬಿಡಲು ಹೋಗಿ ಹೊರಗೆ ಬೈಕಿನ ಮೇಲೆ ಕೂರುತ್ತಿದ್ದೆ. ಗುರುಗಳು ಒಂದು ದಿನ, "ಸುಮ್ಮನೆ ಕೂರುವ ಬದಲು ಒಳಗೆ ಬನ್ನಿ, ತಾಳ ಹಾಕಿ" ಅಂದರು. ತ್ರಿವುಡೆ ತಾಳದ ಏಳು ಅಕ್ಷರ (ಎಣಿಕೆ), ಝಂಪೆಯ ಹತ್ತು, ತೊಡೆಯ ಮೇಲೆ ಬಡಿದು ಬಡಿದು ಒಂದು ವರ್ಷ ಹೋಯಿತು. ಸಣ್ಣಂದಿನಿಂದ ಆಟ ನೋಡಿದವ ನಾನು, ಆದರೂ ಮುಕ್ತಾಯ (ಕುಣಿತದ ಒಂದು ಸುತ್ತು ಮುಗಿಸುವ ಬಡಿತ) ಎಲ್ಲಿ ಬೀಳುತ್ತದೆ ಎನ್ನುವುದು ಲೆಕ್ಕಕ್ಕೆ ಸಿಕ್ಕಿದ್ದು ಆಗಲೇ. ಚೆಂಡೆ ಏರುತ್ತದೆ, ಪೆಟ್ಟು ಒತ್ತಾಗುತ್ತದೆ, ಮುಕ್ತಾಯದ ಕೊನೆಯ ಪೆಟ್ಟಿಗೆ ಕಾಲು ನೆಲಕ್ಕೆ ಬೀಳುತ್ತದೆ. ಆ ಕ್ಷಣ ವೇಷ ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಎದೆ ಉಬ್ಬಿ, ಕೈ ಪೂರ್ತಿ ಚಾಚಿ, ವೇಷದ ಪೂರ್ಣ ರೂಪ. ಕುಣಿತವನ್ನು ಹಿಡಿಯಲು ಮುನ್ನೂರ ಇಪ್ಪತ್ತನೇ ಒಂದು ಸೆಕೆಂಡು ಇಡುತ್ತಿದ್ದವ, ಈ ನಿಲುವಿಗೆ ಎಂಬತ್ತನೇ ಒಂದು ಸೆಕೆಂಡಿಗೆ ಇಳಿಸಿದೆ. ನಾಲ್ಕು ಪಟ್ಟು ಬೆಳಕು! 1.2 ಲೆನ್ಸು 1.8ಕ್ಕಿಂತ 73 ಸಾವಿರ ಹೆಚ್ಚು ತಗೊಂಡು ಕೊಟ್ಟದ್ದು ಎರಡೂಕಾಲು ಪಟ್ಟು. ಕಿವಿ ಬಿಟ್ಟಿಯಾಗಿ ನಾಲ್ಕು ಪಟ್ಟು ಕೊಟ್ಟಿತು.

ಆದರೆ ಪೆಟ್ಟು ಕೇಳಿ ಒತ್ತಿದರೆ ಕೆಲಸ ಕೆಟ್ಟಿತು. ಕೇಳಿ ಬೆರಳು ಆಡುವಷ್ಟರಲ್ಲಿ ವೇಷ ಮುಂದಿನ ಹೆಜ್ಜೆಗೆ ಹೋಗಿರುತ್ತದೆ, ಕ್ಯಾಮೆರಾದ ಒಳಗಿನ ಕನ್ನಡಿ ಏಳಲೂ ಸ್ವಲ್ಪ ಹೊತ್ತು ಬೇಕು. ಮೊದಲಿನ ನಾಲ್ಕೈದು ಆಟ ಹೀಗೇ ಹಾಳಾಯಿತು, ಎಲ್ಲ ಚಿತ್ರದಲ್ಲೂ ಕಾಲು ಮಸುಕು. ಪೆಟ್ಟಿನ ಮೊದಲೇ ಬೆರಳು ಇಳಿಯಬೇಕು. ಎಷ್ಟು ಮೊದಲು ಅನ್ನುವುದು ನಿಮ್ಮ ಕ್ಯಾಮೆರಾ, ನಿಮ್ಮ ಕೈ ಹೇಳಬೇಕು. ನನ್ನದು ತಾಳದ ಯಾವ ಅಕ್ಷರದಲ್ಲಿ ಅಂತ ನಾನು ಹೇಳುವುದಿಲ್ಲ, ಅದನ್ನು ಸಂಪಾದಿಸಲು ಒಂದು ವರ್ಷ ಹೋಗಿದೆ. ರಂಗಸ್ಥಳದ ಯಾವ ಕಂಬದ ಬಳಿ ಕೂರುತ್ತೇನೆ ಎನ್ನುವುದೂ ನನ್ನಲ್ಲೇ ಇರಲಿ. ದೂರ ಮಾತ್ರ ಹೇಳುತ್ತೇನೆ: ಮೂರು ಮೀಟರಿನಿಂದ ಐದಕ್ಕೆ ಹಿಂದೆ ಸರಿದೆ. ಐದು ಮೀಟರಿನಲ್ಲಿ 1.8 ತೆರೆದಿಟ್ಟರೂ 37 ಸೆಂಟಿಮೀಟರ್ ಆಳ ಸಿಗುತ್ತದೆ, ಮುಂಡಾಸಿನ ತುದಿಯಿಂದ ಭುಜಕೀರ್ತಿಯವರೆಗೆ ಎಲ್ಲ ಅದರೊಳಗೆ. ಕ್ಯಾಲೆಂಡರಿನ ಅಳತೆಗೆ ಕತ್ತರಿಸಿದರೂ 20 ಮೆಗಾಪಿಕ್ಸೆಲ್ ಸಾಕು. ಈಗ ಒಂದು ರಾತ್ರಿಗೆ ಮುನ್ನೂರೈವತ್ತು ಚಿತ್ರ ತೆಗೆದರೆ ನೂರಿಪ್ಪತ್ತು ಕೊಡುವಂಥದ್ದು ಇರುತ್ತದೆ.

ಮಂಡಿ ಹಾಕುವಾಗ (ಮೊಣಕಾಲಲ್ಲಿ ಸುತ್ತುವಾಗ), ತೆಂಕುತಿಟ್ಟಿನ ದಿಗಿಣಕ್ಕೆ (ಹಾರಿ ಸುತ್ತುವ ಕುಣಿತಕ್ಕೆ) ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಐನೂರನೇ ಒಂದು ಸೆಕೆಂಡು ಬೇಕೇ ಬೇಕು, ಐಎಸ್‌ಒ 12800ಕ್ಕೆ ಹೋಗಬೇಕು. ಅದಕ್ಕೆ ಈಗ ಮದ್ದು ಉಂಟು. ಚಿತ್ರ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ 2023ರ ಏಪ್ರಿಲ್‌ನಲ್ಲಿ ಎಐ ಡಿನಾಯ್ಸ್ ಬಂತು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಚಿತ್ರದಲ್ಲಿ) ಕಾಳುಕಾಳು ಹೋಗಿ ಚಿತ್ರ ನಯವಾಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರಕ್ಕೆ ಹತ್ತು ಹನ್ನೆರಡು ನಿಮಿಷ, ಆದ್ದರಿಂದ ಆರಿಸಿದ ಇಪ್ಪತ್ತಕ್ಕೆ ಮಾತ್ರ ರಾತ್ರಿ ಹಾಕಿ ಮಲಗುತ್ತೇನೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮಾತ್ರ ಜೋರು ಮಾಡಬೇಡಿ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಇಟ್ಟ ಚುಟ್ಟಿಯ ಮುಳ್ಳುಗಳನ್ನು ಅದು ಕಾಳು ಅಂತ ತಿಳಿದು ಸವರಿಬಿಡುತ್ತದೆ. ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿ, ಹಾಗೆ ಅಳಿಸಬಾರದು.

ಎಲ್‌ಇಡಿ ದೀಪಗಳಿಂದ ಬೇರೆ ತೊಂದರೆ ಬಂದಿದೆ. ಕೆಂಪು ಪಾರ್ ಲೈಟು ಬಿದ್ದರೆ ಕೆಂಪು ಮುಂಡಾಸು ಸುಟ್ಟು ಹೋಗುತ್ತದೆ, ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಸರಿ ಅಂತ ತೋರಿಸಿದರೂ ಕೆಂಪು ಚಾನೆಲ್ ಒಂದೇ ಮೇಲೆ ಹೊಡೆದಿರುತ್ತದೆ. ಮುಕ್ಕಾಲು ಸ್ಟಾಪ್ ಕಡಿಮೆ ತೆಗೆಯುತ್ತೇನೆ. ಯಾವ ಲೆನ್ಸೂ ಇದಕ್ಕೆ ಪರಿಹಾರವಲ್ಲ.

ನಡುವೆ ಚೀನಾದ 50 ಎಂಎಂ 0.95 ಒಂದನ್ನೂ ನೋಡಿದೆ, ಹದಿನೆಂಟು ಸಾವಿರದ್ದು, ಸೋದರಳಿಯನ ಸಣ್ಣ ಮಿರರ್‌ಲೆಸ್ ಕ್ಯಾಮೆರಾಕ್ಕೆ. ಕೈಫೋಕಸ್. ಚೌಕಿಯಲ್ಲಿ ಕನ್ನಡಿ ಎದುರು ಬಣ್ಣ ಹಚ್ಚುತ್ತಾ ಕೂತವರಿಗೆ ಚಂದ, ಬಲ್ಬಿನ ಸುತ್ತ ಮಂಜಿನ ಹಾಗೆ ಹೊಳಪು ಬರುತ್ತದೆ. ರಂಗಸ್ಥಳಕ್ಕೆ ತಂದ ಅರ್ಧ ಗಂಟೆಯಲ್ಲಿ ತೆಗೆದಿಟ್ಟೆ. ಮಂಜಿನ ಮಾತು ಬಂತು: ಮಕರ ಮಾಸದಲ್ಲಿ ಬೆಳಗಿನ ಜಾವ ನಾಲ್ಕರ ಮೇಲೆ ಚಿತ್ರವೆಲ್ಲ ಮಸುಕಾದರೆ ಫೋಕಸ್ ಬೈಯಬೇಡಿ, ಮುಂದಿನ ಗಾಜು ಒರೆಸಿ. ಇಬ್ಬನಿ. ನಾನು ಎರಡು ಆಟ ಇದರಿಂದಲೇ ಕಳೆದುಕೊಂಡೆ.

1.2 ಗೆದ್ದ ಒಂದು ಜಾಗ ಉಂಟು, ಅದನ್ನು ಮುಚ್ಚಿಡುವುದಿಲ್ಲ. ದೊಂದಿ ಬೆಳಕಿನ ಆಟ. ಕರೆಂಟಿನ ದೀಪವಿಲ್ಲ, ಎಣ್ಣೆಯ ದೊಂದಿ ಮಾತ್ರ. ನನ್ನ 1.8ರಲ್ಲಿ 6400 ಇಟ್ಟರೂ ಮೂವತ್ತನೇ ಒಂದು ಸೆಕೆಂಡು, ನಿಂತ ವೇಷವೂ ಅಲುಗುತ್ತದೆ. ಬಾಡಿಗೆಗೆ ತಂದ 1.2ರಲ್ಲಿ ಅರವತ್ತಕ್ಕೆ ಹೋಯಿತು. ಮಹಿಷಾಸುರ ಬಂದು ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ಗೆಂದು ಎದ್ದು ಇಡೀ ಚಿತ್ರ ಬಿಳುಚಿಹೋಗುತ್ತದೆ, ಆ ಕ್ಷಣಕ್ಕೆ ಮೂರು ಸ್ಟಾಪ್ ಕೆಳಗೆ ಇನ್ನೊಂದು ಸೆಟ್ಟಿಂಗ್ ತಯಾರಿರಬೇಕು. ಆ ರಾತ್ರಿಯ ಒಂದು ಚಿತ್ರ ಈಗ ನನ್ನ ಜಗಲಿಯಲ್ಲಿ ಮೂರಡಿ ಅಗಲ ತೂಗುತ್ತಿದೆ. ವರ್ಷಕ್ಕೆ ಅಂಥ ಆಟ ನನಗೆ ಒಂದೋ ಎರಡೋ ಸಿಗುತ್ತದೆ. ಬರುವ ಶನಿವಾರ ಒಂದು ಉಂಟು. ಮಂಗಳೂರಿನಿಂದ 1.2 ಹೇಳಿಟ್ಟಿದ್ದೇನೆ, ಎರಡು ದಿನಕ್ಕೆ 2,400. ಭಾನುವಾರ ಸಂಜೆ ತಿರುಗಿ ಕೊಡಬೇಕು.