ಕುಂಡಕ್ಕೆ ಪಾಟಿಂಗ್ ಮಿಕ್ಸ್ ತರುವಾಗ ಇಷ್ಟು ನೋಡಿ
ಮಂಗಳೂರಿನಲ್ಲಿ ತಾರಸಿ ತೋಟ ಮಾಡುವವರು ಪಾಟಿಂಗ್ ಮಿಕ್ಸ್, ಅಂದರೆ ಕುಂಡಕ್ಕೆ ತುಂಬುವ ಸಿದ್ಧ ಮಿಶ್ರಣದ ಚೀಲದ ಮೇಲಿನ ಹೂವಿನ ಚಿತ್ರ ನೋಡಿ ಕೊಳ್ಳಬೇಡಿ, ಒಳಗೆ ಏನೇನಿದೆ ಅಂತ ಓದಿ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಆದರೆ ಗಿಡಕ್ಕೆ ಆಹಾರ ಸಾಲದು, ಎರೆಗೊಬ್ಬರವೋ ಹಟ್ಟಿಗೊಬ್ಬರವೋ ಸೇರಿರಬೇಕು. ತೊಳೆಯದ ಕೋಕೋಪೀಟಿನಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ, ಎಳೆ ಸಸಿಯ ಎಲೆಯಂಚು ಸುಡುತ್ತದೆ, ಹಾಗಾಗಿ ‘ಲೋ ಇಸಿ’ (ಉಪ್ಪಿನಂಶ ಕಡಿಮೆ) ಅಂತ ಬರೆದಿರುವುದನ್ನೇ ಆರಿಸಿ. ಬಿಡಿಯಾಗಿ ಸಿಕ್ಕರೆ ಒಂದು ಹಿಡಿ ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಸರಿ, ಮೂಗಿಗೆ ಹೊಡೆಯುವ ಘಾಟು ಇದ್ದರೆ ಗೊಬ್ಬರ ಇನ್ನೂ ಪೂರ್ತಿ ಕಳಿತಿಲ್ಲ, ಬೇಡ. ಒದ್ದೆಯಾಗಿ ಭಾರ ಇರುವ ಚೀಲಕ್ಕೆ ಸುಮ್ನೆ ನೀರಿನ ದುಡ್ಡೂ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ನಮ್ಮ ಆಟಿ ಮಳೆಗೆ ನೀರು ಬಸಿಯದಿದ್ದರೆ ಬೇರು ಕೊಳೆಯುತ್ತದೆ, ಮಲ್ಲಿಗೆಗಂತೂ ನೀರು ನಿಂತರೆ ಆಗುವುದೇ ಇಲ್ಲ, ಹಾಗಾಗಿ ಮಿಶ್ರಣಕ್ಕೆ ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಹೊಳೆ ಮರಳು ಬೆರೆಸಿ. ಕಡಲ ಮರಳು ಮಾತ್ರ ಹಾಕಬೇಡಿ, ಉಪ್ಪು.