ಮಾರ್ಕೆಟ್ಟಿನಿಂದ ಅರಮನೆಗೆ: ಕಾರಿಲ್ಲದೆ ಮೈಸೂರು ತೋರಿಸಿದ ನನ್ನ ಅನುಭವ

"ಮಾರ್ಕೆಟ್ ನೋಡೋಕೆ ಯಾರಪ್ಪಾ ದುಡ್ಡು ಕೊಡ್ತಾರೆ?"

ದೇವರಾಜ ಮಾರ್ಕೆಟ್ಟಿನಿಂದ ಅರಮನೆವರೆಗೆ ಟೂರಿಸ್ಟರನ್ನು ನಡೆಸಿ ತೋರಿಸ್ತೀನಿ ಅಂದಾಗ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಕಳೆದ ಡಿಸೆಂಬರಿನಲ್ಲಿ 26 ದಿನ ಬೆಳಗ್ಗೆ ನಡಿಗೆ ಮಾಡಿಸಿದೆ. ಹತ್ತಿರ ಹತ್ತಿರ 150 ಜನ ಬಂದರು. ಅವತ್ತು ಹಾಗೆ ಕೇಳಿದವರಲ್ಲಿ ಇಬ್ಬರು ಈಗ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮ ಟ್ಯಾಕ್ಸಿಯವರ ಹಳೆಯ ಸುತ್ತು ನಿಮಗೆ ಗೊತ್ತೇ ಇದೆ. ಚಾಮುಂಡಿ ಬೆಟ್ಟ, ಅರಮನೆ, ಝೂ, ಚರ್ಚು, ಸಂಜೆಗೆ ಬೃಂದಾವನ. ನಡುವೆ ಒಂದು ಸೀರೆ ಅಂಗಡಿ, ಅಲ್ಲಿ ಕಮಿಷನ್. ಹನ್ನೊಂದು ವರ್ಷ ನಾನೂ ಅದನ್ನೇ ಮಾಡಿದೆ. 2023ರಲ್ಲಿ ಹೊಸ ಹೈವೇ ಆಯಿತು. ಬೆಂಗಳೂರಿನವರು ಸ್ವಂತ ಕಾರಿನಲ್ಲಿ ಬೆಳಗ್ಗೆ ಬಂದು ರಾತ್ರಿ ಮನೆ ಸೇರತೊಡಗಿದರು. ನನ್ನ ಗಾಡಿ ವಾರಕ್ಕೆ ಮೂರು ದಿನ ಸುಮ್ನೆ ನಿಂತಿರುತ್ತಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಗೈಡ್ ಲೈಸೆನ್ಸ್ ಹೇಗೂ ಇತ್ತಲ್ಲ, ನಡೆಸೇ ತೋರಿಸೋಣ ಅಂದುಕೊಂಡೆ.

ಮೊದಲ ನಾಲ್ಕು ತಿಂಗಳು ಬರೀ ನಷ್ಟ. ಪಾಂಪ್ಲೆಟ್ಟಿಗೆ 9,000 ಹೋಯಿತು, ಕುತ್ತಿಗೆಗೆ ಹಾಕುವ ಮೈಕಿಗೆ ನಾಲ್ಕೂವರೆ ಸಾವಿರ. ಎರಡೂ ದಂಡ. ಆಗ ಬೆಳಗ್ಗೆ ಒಂಬತ್ತೂವರೆಗೆ ಶುರು ಮಾಡುತ್ತಿದ್ದೆ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು ಆ ಹೊತ್ತಿಗೆ ಹೇಗಿರುತ್ತೆ ಹೇಳಿ. ನನ್ನ ಹತ್ತು ಜನ ಅಡ್ಡ ನಿಂತು ಫೋಟೋ ಹೊಡೆಯುತ್ತಿದ್ದರು. ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿ, "ಇನ್ನೂ ಬೋಣಿ ಆಗಿಲ್ಲ ಕಣಪ್ಪಾ, ಒಂಚೂರು ಜರುಗ್ಸು ಇವರನ್ನ" ಅಂದರು. ನನಗೆ ಮುಖ ಎತ್ತಲಾಗಲಿಲ್ಲ.

ಆ ಒಂದು ಮಾತು ನನ್ನ ದಾರಿ ಬದಲಿಸಿತು. ಹೊತ್ತನ್ನು ಆರೂವರೆಗೆ ತಂದೆ. ಮೈಕ್ ಮನೆಯಲ್ಲಿ ಬಿಟ್ಟೆ. ತಲೆಗೆ 700 ತಗೋತೀನಿ, ಅದರಲ್ಲಿ 50 ರೂಪಾಯಿಯನ್ನು ಬೋಣಿಗೆ ಅಂತ ಬಂದವರ ಕೈಗೇ ವಾಪಸ್ ಕೊಡುತ್ತೇನೆ. ಮೊದಲು ಏನಾದರೂ ಕೊಳ್ಳಬೇಕು, ಆಮೇಲೇ ಫೋಟೋ. ಹೂವೋ, ಕುಂಕುಮವೋ, ಎರಡು ರಸಬಾಳೆಯೋ. ಕೊಳ್ಳೋಕೆ ನಿಂತವರ ಜೊತೆ ವ್ಯಾಪಾರಿಗಳು ತಾವಾಗೇ ಮಾತಿಗೆ ಇಳಿಯುತ್ತಾರೆ. ಒಮ್ಮೆ ಪುಣೆಯ ಎತ್ತರದ ಹುಡುಗನೊಬ್ಬ, ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ ಅಂತ ನಾನು ಹೇಳಿದ ಕೂಡಲೇ ತನ್ನ ಕೈ ಚಾಚಿದ, ಇದರಲ್ಲಿ ಅಳೆಯಿರಿ ಅಂತ. ಅದೇ ಅಜ್ಜಿ ಅವನ ಕೈಮೇಲೆ ದಂಡೆ ಹರಡಿ, ತಮ್ಮ ಕೈಮೇಲೂ ಹರಡಿ ತೋರಿಸಿದರು. ನಾಲ್ಕು ಬೆರಳು ಜಾಸ್ತಿ. "ಕೈ ಉದ್ದ ಇದ್ರೆ ಕಾಸೂ ಉದ್ದ ಕೊಡಪ್ಪಾ" ಅಂದರು. ಇಡೀ ಸಾಲು ನಕ್ಕಿತು. ಅವನ ಅಮ್ಮ ಹೋಗುವಾಗ ನನಗೆ ಹೇಳಿದ್ದು ಅರಮನೆ ವಿಷಯ ಅಲ್ಲ, ಇದನ್ನೇ.

ಮಾರ್ಕೆಟ್ಟಿನ ತೆಂಕಣ ಬಾಗಿಲಿಂದ ಚಿಕ್ಕ ಗಡಿಯಾರದ ಗೋಪುರ, ತಿಂಡಿ, ಕಾಫಿ, ಆಮೇಲೆ ಕೆ.ಆರ್. ಸರ್ಕಲ್, ದೊಡ್ಡ ಗಡಿಯಾರ. 1927ರ ಆ ಗಡಿಯಾರದಲ್ಲಿ ಕನ್ನಡ ಅಂಕಿ ಇದೆಯಲ್ಲ, ಅಲ್ಲಿ ಮಕ್ಕಳಿಗೆ ಟೈಮ್ ಎಷ್ಟು ಅಂತ ಕೇಳುತ್ತೇನೆ. ಹತ್ತು ನಿಮಿಷ ಅಲ್ಲೇ ಕಳೆಯುತ್ತೆ. ಕೋಟೆ ಬಳಸಿಕೊಂಡು ಅರಮನೆಯ ವರಾಹ ದ್ವಾರಕ್ಕೆ ಬಂದರೆ ಹತ್ತಕ್ಕೆ ಐದು ನಿಮಿಷ. ಬಾಗಿಲು ತೆಗೆದ ಕೂಡಲೇ ಒಳಗೆ. ಟೂರಿಸ್ಟ್ ಬಸ್ಸುಗಳ ದಂಡು ಇಳಿಯುವ ಮೊದಲು ನಮಗೆ ಅರ್ಧ ಗಂಟೆ ಸಿಗುತ್ತದೆ.

ಹಳೆಯ ಅರಮನೆ ಸುಟ್ಟ 1897ರ ಬೆಂಕಿ, ಹೊಸದರ ನಕ್ಷೆ ಮಾಡಿದ ಹೆನ್ರಿ ಇರ್ವಿನ್, ಅದು ಮುಗಿದ 1912, ಗ್ಲಾಸ್ಗೋದಿಂದ ಬಂದ ಕಬ್ಬಿಣದ ಕಂಬ, ಎಲ್ಲವನ್ನೂ ನಾವು ಬಾಯಿಪಾಠ ಒಪ್ಪಿಸುತ್ತೇವೆ. ಜನ ಆಕಳಿಸುತ್ತಾರೆ. ನಾನೀಗ ನೇರ ಕಲ್ಯಾಣ ಮಂಟಪಕ್ಕೆ ಕರೆದೊಯ್ದು ಗೋಡೆಯ ಮೇಲಿನ ದಸರಾ ಮೆರವಣಿಗೆ ಚಿತ್ರಗಳ ಮುಂದೆ ನಿಲ್ಲಿಸುತ್ತೇನೆ. ಜಂಬೂಸವಾರಿ ಸಾಗೋದು ನೀವು ಬೆಳಗ್ಗೆ ಹೂವು ಹಿಡ್ಕೊಂಡು ನಡೆದ ಸಯ್ಯಾಜಿರಾವ್ ರಸ್ತೆಯಲ್ಲೇ ಅಂತೀನಿ. ಆಗ ನೋಡಬೇಕು ಅವರ ಮುಖ. ಯಾವ ಚಿತ್ರದಿಂದ ಶುರು ಮಾಡುತ್ತೇನೆ, ಅಲ್ಲಿ ಏನು ಕೇಳುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಗಿರಾಕಿಗಳು ಸಿಕ್ಕಿದ್ದು ಲಾಡ್ಜು, ಹೋಂಸ್ಟೇಗಳಿಂದ. ಆರೂವರೆಗೆ ನಡಿಗೆ ಅಂದರೆ ಹಿಂದಿನ ರಾತ್ರಿ ಊರಲ್ಲೇ ಉಳಿಯಬೇಕು. ಇದು ಹೊಳೆದ ದಿನ ಲಕ್ಷ್ಮೀಪುರಂನ ಒಂದು ಹೋಂಸ್ಟೇಗೆ ಹೋಗಿ ಮಾತಾಡಿದೆ. ಈಗ ಏಳು ಕಡೆಯಿಂದ ಕಳಿಸುತ್ತಾರೆ. ಬೋಣಿ, ತಿಂಡಿ, ಚಿಲ್ಲರೆ ಖರ್ಚು ಕಳೆದು ತಲೆಗೆ 500 ಉಳಿಯುತ್ತೆ. ಆರು ಜನ ಇದ್ದರೆ 3,000. ಇಡೀ ದಿನ ಗಾಡಿ ಓಡಿಸಿದರೆ ಡೀಸೆಲ್, ಕಂತು ಕಳೆದು 1,100 ಉಳಿದರೆ ದೊಡ್ಡದು.

ಬೆಟ್ಟದ ಮೆಟ್ಟಿಲನ್ನೂ ಪ್ರಯತ್ನಿಸಿದೆ. ಸಾವಿರ ಮೆಟ್ಟಿಲು ಹತ್ತಿಸಿದಾಗ ಅರ್ಧ ಜನ ನಡುವೆಯೇ ಕೂತರು. ಆಮೇಲೆ ದಾರಿಯನ್ನೇ ತಿರುಗಿಸಿದೆ. 201ರ ಬಸ್ಸಿನಲ್ಲಿ ಮೇಲೆ ಹೋಗಿ, ದರ್ಶನ ಮಾಡಿ, ನಂದಿವರೆಗೆ ಮುನ್ನೂರು ಮೆಟ್ಟಿಲು ಇಳಿಯೋದು. ಅಷ್ಟೇ ಸಾಕು, ಪೂರ್ತಿ ಇಳಿಸಿದರೆ ಮಂಡಿ ಹಿಡಿಯುತ್ತೆ. ಅರಮನೆಯ ಭಾನುವಾರದ ದೀಪಾಲಂಕಾರಕ್ಕೆ ಸೈಕಲ್ಲಿನಲ್ಲಿ ಕರೆದೊಯ್ದೆ. ಆ ಟ್ರಾಫಿಕ್ಕಿನಲ್ಲಿ ಎರಡೇ ವಾರಕ್ಕೆ ಕೈಬಿಟ್ಟೆ. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಕೆತ್ತನೆ, ಅದರೊಳಗೆ ಬೇರೆ ಬಣ್ಣದ ಚೂರು ಕೂಡಿಸುವ ಕೆಲಸ ತೋರಿಸುವುದು ಮಾತ್ರ ಚೆನ್ನಾಗಿ ನಡೆಯುತ್ತಿದೆ. ಕುಶಲಕರ್ಮಿಯ ಕೆಲಸ ಕೆಡುತ್ತೆ ಅಂತ ಬೆಳಗ್ಗೆಗೆ 500 ಅಂತ ಕೊಡುತ್ತೇನೆ, ಜನ ಬರಲಿ ಬಿಡಲಿ.

ದಸರಾ ಹತ್ತು ದಿನ ಮಾರ್ಕೆಟ್ ನಡಿಗೆ ಇಲ್ಲ. ಆಗ ಹೂವಿಗೆ ಹಬ್ಬದ ರೇಟು, ಅಜ್ಜಿಗೆ ಕೈ ಬಿಡುವಿರಲ್ಲ. ಆ ಹತ್ತು ದಿನ ನಾನು ಗಾಡಿಯೇ ಓಡಿಸುತ್ತೇನೆ.